ವಾರ್ಸಾಗೆ ಮಕ್ಕಳನ್ನು ಕರೆದುಕೊಂಡು ಬರಬಹುದಾ?

ಪೋಲೆಂಡಿನಲ್ಲಿ ಕೆಲಸ ಸಿಕ್ಕಿದೆ, ಮಕ್ಕಳನ್ನೂ ಕರೆತರುವ ಆಸೆ, ಆದರೆ ಪಕ್ಕದ ಉಕ್ರೇನಿನಲ್ಲೇ ಯುದ್ಧ ಅಂತ ಅತ್ತೆ-ಮಾವ ಬೇಡ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ವಾರ್ಸಾದಲ್ಲಿ ಸಂಸಾರ ಮಾಡಿಕೊಂಡು ಇರುವವನು ನಾನು. ನನಗೆ ಕಂಡಿದ್ದನ್ನು ಹೇಳುತ್ತೇನೆ.

ದೊಡ್ಡವರ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ. ನಮ್ಮ ಕಡೆಯವರಿಗೆ ಉಕ್ರೇನ್ ಅಂದರೆ 2022ರ ಮಾರ್ಚ್ 1. ಹಾವೇರಿ ಜಿಲ್ಲೆಯಿಂದ ಡಾಕ್ಟರ್ ಓದಲು ಹೋಗಿದ್ದ ಹುಡುಗ, ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೊರಗೆ ಬಂದವನು, ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ದೇಹ ಊರು ತಲುಪಲು ಸುಮಾರು ಮೂರು ವಾರ ಹಿಡಿಯಿತು. ಮನೆಯವರು ಅದನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ದಾನ ಕೊಟ್ಟರು. ಇದನ್ನೆಲ್ಲ ಟಿವಿಯಲ್ಲಿ ನೋಡಿದವರ ಮುಂದೆ ಮ್ಯಾಪ್ ಹಿಡಿದು ಪೋಲೆಂಡ್ ಬೇರೆ, ಉಕ್ರೇನ್ ಬೇರೆ ಎಂದರೆ ಸಮಾಧಾನ ಆಗುತ್ತದಾ?

ಆದರೂ ಬೇರೆ ಅನ್ನುವುದು ನಿಜವೇ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ ಎನ್ನುವ ಸೈನಿಕ ಒಕ್ಕೂಟ ನೇಟೋ. ಪೋಲೆಂಡ್ 1999ರಿಂದ ಅದರಲ್ಲಿದೆ, ಉಕ್ರೇನ್ ಇಲ್ಲ. ಹಾಗಂತ ಏನೂ ಆಗಲ್ಲ ಎಂದು ನಾನು ಬರೆದುಕೊಡಲಾರೆ. ವಾರ್ಸಾದಿಂದ ರಷ್ಯಾದ ಜೊತೆಗಾರ ಬೆಲಾರೂಸಿನ ಗಡಿ ಹೆಚ್ಚುಕಡಿಮೆ ಬೆಂಗಳೂರಿಂದ ಹಾಸನ ಇದ್ದಷ್ಟು ದೂರ. 2025ರ ಸೆಪ್ಟೆಂಬರ್ 10ರ ಬೆಳಗಿನ ಜಾವ ರಷ್ಯಾದ ಡ್ರೋನ್‌ಗಳು ಪೋಲೆಂಡಿನ ಒಳಗೇ ನುಗ್ಗಿದವು. ಕೆಲವನ್ನು ನೇಟೋ ವಿಮಾನಗಳು ಹೊಡೆದುರುಳಿಸಿದವು. ವಾರ್ಸಾದ ಶೋಪಾನ್ ಏರ್‌ಪೋರ್ಟನ್ನು ಕೆಲವು ಗಂಟೆ ಮುಚ್ಚಿದ್ದರು. ನಮ್ಮ ಮಕ್ಕಳು ಅವತ್ತೂ ಬ್ಯಾಗ್ ಹಾಕಿಕೊಂಡು ಸ್ಕೂಲಿಗೆ ಹೋದರು. ಊರಿಂದ ಬಂದ ಫೋನ್‌ಗಳಿಗೆ ಉತ್ತರ ಕೊಡುವುದರಲ್ಲೇ ನನ್ನ ಅರ್ಧ ದಿನ ಹೋಯಿತು.

ತಯಾರಿ ಬೇಕಾಗಿರುವುದು ಡ್ರೋನಿಗಲ್ಲ, ಸ್ಕೂಲಿಗೆ. 2024ರ ಸೆಪ್ಟೆಂಬರಿನಿಂದ ಇಲ್ಲಿ ಉಕ್ರೇನಿನ ನಿರಾಶ್ರಿತ ಮಕ್ಕಳಿಗೂ ಪೋಲಿಷ್ ಶಾಲೆ ಕಡ್ಡಾಯ. ನಿಮ್ಮ ಮಗುವಿನ ಕ್ಲಾಸಿನಲ್ಲಿ ಅಂಥವರು ಖಂಡಿತ ಇರುತ್ತಾರೆ ಅಂದುಕೊಳ್ಳಿ. ಬೆಲಾರೂಸಿನಿಂದ ಬಂದು ರಷ್ಯನ್ ಮಾತಾಡುವ ಮಕ್ಕಳೂ ಇರಬಹುದು. ನನ್ನ ಮಗಳ ಪಕ್ಕ ಕೂರುವ ಹುಡುಗಿ ಖಾರ್ಕಿವ್‌ನವಳು. ಅಪ್ಪ ಸೈನ್ಯದಲ್ಲಿದ್ದಾರೆ. ಫೋನ್ ಬಂದ ದಿನ ಜಾಸ್ತಿ ಮಾತಾಡುತ್ತಾಳಂತೆ, ಬರದ ದಿನ ಟಿಫನ್ ಡಬ್ಬಿಯನ್ನೂ ತೆಗೆಯುವುದಿಲ್ಲವಂತೆ.

ಇತ್ತ ನಮ್ಮ ಮನೆಯ ವಿಡಿಯೋ ಕಾಲ್‌ನಲ್ಲಿ ತಾತ. "ರಷ್ಯಾ ನಮ್ಮ ಹಳೇ ದೋಸ್ತ್ ಕಣಮ್ಮ, 71ರಲ್ಲಿ ನಮ್ಮ ಜೊತೆ ನಿಂತಿತ್ತು" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆಗಿನ ಬಾಂಗ್ಲಾ ಯುದ್ಧದ ಹೊತ್ತಲ್ಲಿ ವಿಶ್ವಸಂಸ್ಥೆಯಲ್ಲಿ ಸೋವಿಯತ್ ವೀಟೋ ನಮ್ಮ ಪರ ಬಿದ್ದಿತ್ತು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಮೇಲಿನ ರಷ್ಯಾ ದಾಳಿಯನ್ನು ಖಂಡಿಸಿ ಅಲ್ಲೇ 141 ದೇಶಗಳು ಮತ ಹಾಕಿದಾಗ ಭಾರತ ಯಾರ ಕಡೆಗೂ ಹಾಕಲಿಲ್ಲ. ಆದರೆ ಆ ಸೋವಿಯತ್ ಒಕ್ಕೂಟದೊಳಗೆ ಉಕ್ರೇನೂ ಇತ್ತು, ಅದನ್ನು ನಮ್ಮ ವಾಟ್ಸಾಪ್ ಪಂಡಿತರು ಮರೆತೇಬಿಡುತ್ತಾರೆ. ತಾತನ ಮಾತನ್ನು ಎಂಟು ವರ್ಷದ ಮಗು ಮರುದಿನ ಕ್ಲಾಸಿನಲ್ಲಿ ಹಾಗೇ ಒಪ್ಪಿಸಿದರೆ ಪಕ್ಕದವಳಿಗೆ ಏನನ್ನಿಸುತ್ತದೆ, ನೀವೇ ಹೇಳಿ.

ನಾವು ಮಕ್ಕಳಿಗೆ ಹೇಳಿಕೊಟ್ಟಿರುವುದು ಇಷ್ಟೇ: ಒಂದು ದೊಡ್ಡ ದೇಶ ಪಕ್ಕದ ದೇಶದ ಮೇಲೆ ಏರಿ ಹೋಗಿದೆ, ಅದು ತಪ್ಪು. ಆದರೆ ರಷ್ಯನ್ ಮಾತಾಡುವ ಹುಡುಗ ಆ ತಪ್ಪು ಮಾಡಿಲ್ಲ. ತಾತನ ಹತ್ತಿರ ಜಗಳ ಬೇಡ, ತಾತನ ಮಾತು ಸ್ಕೂಲಿಗೂ ಬೇಡ. ಇದಕ್ಕೆ ನಮ್ಮ ಗುಂಪಿನಲ್ಲೇ ಕೆಲವರು ಒಪ್ಪುವುದಿಲ್ಲ, ಮಕ್ಕಳಿಗೆ ರಾಜಕೀಯ ಯಾಕೆ ಅನ್ನುತ್ತಾರೆ. ಪಕ್ಕದ ಬೆಂಚಿನಲ್ಲೇ ಕೂತಿರುವುದನ್ನು ಮುಚ್ಚಿಡುವುದು ಹೇಗೋ ನನಗಂತೂ ಗೊತ್ತಾಗಲ್ಲ.

ನಮ್ಮ ದೀಪಾವಳಿಯೂ ಸ್ವಲ್ಪ ಬದಲಾಗಿದೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಈಗ ಸುರ್‌ಸುರ್ ಬತ್ತಿ ಮಾತ್ರ. ಮೇಲಿನ ಮಹಡಿಯ ಉಕ್ರೇನಿನ ಅಜ್ಜಿ ಸದ್ದಿಗೆ ಬೆಚ್ಚಿ ಬೀಳುತ್ತಾರೆ. ಸದ್ದಿಲ್ಲದ್ದನ್ನು ನೋಡಲು ಕೆಳಗೆ ಬಂದು ಚಕ್ಕುಲಿ ತಿಂದು ಹೋಗುತ್ತಾರೆ.

ಖರ್ಚಿನ ಬಗ್ಗೆ ಹೇಳುವುದಾದರೆ, 2023ರ ಫೆಬ್ರವರಿಯಲ್ಲಿ ಇಲ್ಲಿನ ಹಣದುಬ್ಬರ ಶೇ. 18 ದಾಟಿತ್ತು. ಈಗ ಅಷ್ಟಿಲ್ಲ, ಆದರೆ ಬಾಡಿಗೆ ಹಳೇ ಮಟ್ಟಕ್ಕೆ ಇಳಿಯಲಿಲ್ಲ. ಆಫರ್ ನೋಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಹೊರಡುವ ಮೊದಲೇ ನವೀಕರಿಸಿಕೊಳ್ಳಿ. ಅಪಾಯದ ಮುನ್ನೆಚ್ಚರಿಕೆ ಸರ್ಕಾರದಿಂದ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಓದಿ ಹೇಳಲು ಪೋಲಿಷ್ ಬರುವ ಒಬ್ಬ ನೆರೆಯವರ ಪರಿಚಯ ಮಾಡಿಕೊಂಡರೆ ಸಾಕು.

ಮಕ್ಕಳು ಎಷ್ಟನೇ ಕ್ಲಾಸು ಎಂದು ನೀವು ಬರೆದಿಲ್ಲ. ಚಿಕ್ಕವರಾದರೆ ಪೋಲಿಷ್ ತಾನಾಗಿ ಬರುತ್ತದೆ. ಏಳು-ಎಂಟನೇ ಕ್ಲಾಸಾದರೆ ಕಷ್ಟ, ಎಂಟರ ಕೊನೆಯ ಪರೀಕ್ಷೆ ಪೋಲಿಷ್‌ನಲ್ಲೇ ಬರೆಯಬೇಕು. ಇಂಗ್ಲಿಷ್ ಶಾಲೆಯ ಫೀಸು ಕಂಪನಿ ಕೊಡುತ್ತದಾ ಎಂದು ಈಗಲೇ ಕೇಳಿ ನೋಡಿ, ಆಮೇಲೆ ಮಿಕ್ಕಿದ್ದು ಮಾತಾಡೋಣ.