ಕೆಟ್ಟ ಹೊಡೆತದ ಸಿಟ್ಟು ಮುಂದಿನ ಹೋಲ್‌ಗೂ ಬರುತ್ತಿದೆ

ಪ್ರಶ್ನೆ: ಗಾಲ್ಫ್ ಆಡುವಾಗ ಡ್ರೈವ್ (ಹೋಲ್ ಶುರುವಿನ ಉದ್ದ ಹೊಡೆತ) ಮರಗಳೊಳಗೆ ಹೋದರೆ ಸಾಕು, ಮುಂದಿನ ಎರಡು ಹೋಲ್‌ಗಳೂ ಕೆಡುತ್ತವೆ. ಸಿಟ್ಟು ಇಳಿಸೋದು ಹೇಗೆ?

ಉತ್ತರ 1: ಸಿಟ್ಟು ಬರಲಿ, ಗಡಿ ಹಾಕಿ. ಹತ್ತು ಹೆಜ್ಜೆ ಬೈದುಕೊಳ್ಳಿ. ಆಮೇಲೆ ಕ್ಲಬ್ ಒರೆಸಿ ಬ್ಯಾಗಿಗೆ ಹಾಕಿದರೆ ಮುಗಿಯಿತು. ಸಿಟ್ಟಲ್ಲಿ ಹಿಡಿತ ಬಿಗಿಯಾಗುತ್ತೆ, ಸ್ವಿಂಗ್ ಅವಸರವಾಗುತ್ತೆ. ಮುಂದಿನ ಹೊಡೆತಕ್ಕೆ ಮೊದಲು ನಾಲ್ಕೆಣಿಸಿ ಉಸಿರೆಳೆದು, ಆರೆಣಿಸಿ ಬಿಡಿ.

ಉತ್ತರ 2: ಉಸಿರು ಸರಿ, ಆದರೆ ಸ್ಕೋರ್ ಕೆಡಿಸೋದು ಹಟ. ಮರಗಳ ಸಂದಿಯಿಂದ ಗುಳಿಯಿರುವ ಗ್ರೀನ್‌ಗೆ ಗುರಿಯಿಡಬೇಡಿ, 7 ಐರನ್ ಕ್ಲಬ್‌ನಲ್ಲಿ ಫೇರ್‌ವೇಗೆ (ನಡುವಿನ ಕತ್ತರಿಸಿದ ಹುಲ್ಲಿನ ಹಾದಿಗೆ) ತಳ್ಳಿ. 2016ರ ಮಾಸ್ಟರ್ಸ್ ಟೂರ್ನಿಯಲ್ಲಿ ಮುಂದಿದ್ದ ಜೋರ್ಡನ್ ಸ್ಪೀತ್ 12ನೇ ಹೋಲ್‌ನಲ್ಲಿ ಎರಡು ಚೆಂಡು ನೀರಿಗೆ ಹಾಕಿದರು. ಪಾರ್ 3ಕ್ಕೆ, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ಗೆ, 7!

ಉತ್ತರ 3: ಚೆಂಡು ಕಳೆದಿರುವ ಅನುಮಾನವಿದ್ದರೆ ‘ಪ್ರೊವಿಷನಲ್’ (ತಾತ್ಕಾಲಿಕ ಚೆಂಡು) ಅಂತ ಹೇಳಿ ಅಲ್ಲೇ ಇನ್ನೊಂದು ಹೊಡೆಯಿರಿ. ಹುಡುಕಲು 3 ನಿಮಿಷವಷ್ಟೇ. ಇಲ್ಲದಿದ್ದರೆ ಮೊದಲ ಹೊಡೆತದ ಜಾಗಕ್ಕೆ (ಟೀ) ವಾಪಸ್ ನಡೆಯಬೇಕು, ಆಗಲೇ ಅರ್ಧ ಸಿಟ್ಟು ಏರೋದು.