ಕ್ಯಾಂಪರ್‌ವ್ಯಾನ್‌ಗೆ ಬ್ರೇಕ್‌ಡೌನ್ ಕವರ್: ಬ್ರಿಟನ್ನಿಗೂ ಬೇಕು, ಫ್ರಾನ್ಸಿಗೂ ಬೇಕು, ಯಾವುದು ತಗೊಳ್ಳಲಿ?

ಸ್ವಿಂಡನ್_ಸವಾರ

ಎಲ್ಲರಿಗೂ ನಮಸ್ಕಾರ. ಮೂರು ವರ್ಷ ಬರೀ ಮಾತಾಡಿ ಮಾತಾಡಿ ಕೊನೆಗೂ ಒಂದು ಹಳೇ ಕ್ಯಾಂಪರ್‌ವ್ಯಾನ್ ತಗೊಂಡೆವು. 2012ರ ಫಿಯಟ್ ಡುಕಾಟೊ, ಡೀಸೆಲ್, ಕಾಗದದಲ್ಲಿ ಉದ್ದ 5.99 ಮೀಟರ್. ಮಂಚ, ಒಲೆ, ಫ್ರಿಜ್ಜು ಎಲ್ಲವನ್ನೂ ಹಿಂದಿನ ಮಾಲೀಕರೇ ಕೂರಿಸಿದ್ದಾರೆ. ನಾವು ನಾಲ್ಕು ಜನ. ನಾನು ಮತ್ತು ಹೆಂಡತಿ ಇನ್ನೂ ಇಂಡಿಯನ್ ಪಾಸ್‌ಪೋರ್ಟ್, ಮಕ್ಕಳಿಬ್ಬರದು ಬ್ರಿಟಿಷ್. ಮೇ ತಿಂಗಳಲ್ಲಿ ಸ್ಕಾಟ್ಲೆಂಡ್ ಒಂದು ಸುತ್ತು, ಆಗಸ್ಟಿನಲ್ಲಿ ಡೋವರ್‌ನಿಂದ ಕ್ಯಾಲೆಗೆ ಹಡಗು ಹತ್ತಿ ಫ್ರಾನ್ಸಿನ ಆನ್ಸಿ ಸರೋವರದ ತನಕ ಹೋಗಿ ಬರುವ ಯೋಚನೆ. ಮೂರು ವಾರ.

ಈಗ ತಲೆನೋವು, ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಬಂದು ನೆರವಾಗುವ ಬ್ರೇಕ್‌ಡೌನ್ ಕವರ್‌ದು. ಕಾರಿಗೆ ಬ್ಯಾಂಕ್ ಅಕೌಂಟಿನ ಜೊತೆಗೇ ಬಂದ ಕವರ್ ಇದೆ, ಅದೇ ವ್ಯಾನಿಗೂ ಸಾಕಾಗುತ್ತಾ? ಎರಡು ಕಡೆ ರೇಟ್ ನೋಡಿದೆ, ಒಂದಕ್ಕೂ ಇನ್ನೊಂದಕ್ಕೂ ಎರಡೂವರೆ ಪಟ್ಟು ವ್ಯತ್ಯಾಸ. ಎರಡರಲ್ಲೂ "ಯೂರೋಪ್ ಸೇರಿ" ಅಂತಲೇ ಬರೆದಿದೆ. ಕಡಿಮೆಯದನ್ನೇ ತಗೊಂಡರೆ ಏನು ಕಳೆದುಕೊಳ್ಳುತ್ತೇನೆ? ಅನುಭವ ಇರುವವರು ಹೇಳಿ ಪ್ಲೀಸ್.

ಹಳೇ_ಡೀಸೆಲ್

ಸವಾರರೇ, ರೇಟ್ ಆಮೇಲೆ. ಮೊದಲು ಒಂದು ಟೇಪ್ ತಗೊಂಡು ವ್ಯಾನ್ ಅಳೆಯಿರಿ.

ಯಾಕೆ ಅಂದರೆ ಈ ಪಾಲಿಸಿಗಳೆಲ್ಲ ಕಾರಿನ ಲೆಕ್ಕದಲ್ಲಿ ಹುಟ್ಟಿದವು. ತೂಕ ಇಷ್ಟು, ಉದ್ದ ಇಷ್ಟು, ಅಗಲ ಇಷ್ಟು, ಎತ್ತರ ಇಷ್ಟು ಅಂತ ಒಳಗಡೆ ಎಲ್ಲೋ ಸಣ್ಣ ಅಕ್ಷರದಲ್ಲಿ ಇರುತ್ತದೆ. ತೂಕಕ್ಕೆ 3.5 ಟನ್ ಮಿತಿ ಇಡುವವರು ತುಂಬ ಜನ. ನಿಮ್ಮ ವ್ಯಾನಿನ ಬಾನೆಟ್ ಎತ್ತಿದರೆ ಒಂದು ತಗಡಿನ ಪಟ್ಟಿ ಕಾಣುತ್ತದೆ, ಅದರಲ್ಲಿ ಮೊದಲು ಬರೆದಿರುವ ಕೆಜಿ ಲೆಕ್ಕವೇ ಗಾಡಿಗೆ ಅನುಮತಿ ಇರುವ ಒಟ್ಟು ತೂಕ. ಅದು 3500 ಅಂತ ಇದ್ದರೂ ಖುಷಿಪಡಬೇಡಿ. ನಾಲ್ಕು ಜನ, ನೀರಿನ ಟ್ಯಾಂಕು, ಗ್ಯಾಸ್, ಸೈಕಲ್ಲು, ಮೂರು ವಾರದ ಅಕ್ಕಿ, ಕುಕ್ಕರ್ ಎಲ್ಲ ತುಂಬಿದ ಮೇಲೆ ಒಮ್ಮೆ ಗಾಡಿ ತೂಗುವ ವೇಬ್ರಿಜ್ ಮೇಲೆ ನಿಲ್ಲಿಸಿ ನೋಡಿ. ಇಂಡಿಯಾ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ, ನಾವೆಲ್ಲ ಬಂದ ಮೇಲೆ ಟೆಸ್ಟ್ ಪಾಸಾದವರು. ಹಾಗಾಗಿ ಡೀಸೆಲ್ ವ್ಯಾನಿನಲ್ಲಿ ನಮ್ಮ ಲೈಸೆನ್ಸಿಗೂ 3.5 ಟನ್ನೇ ಮಿತಿ. 1997ಕ್ಕೆ ಮೊದಲು ಇಲ್ಲೇ ಪಾಸಾದ ಇಂಗ್ಲಿಷ್ ಅಜ್ಜಂದಿರು 7.5 ಟನ್ ತನಕ ಓಡಿಸುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದಷ್ಟೇ ನಮ್ಮ ಪಾಲಿಗೆ.

ಎರಡನೆಯದು ಗಾಡಿಯ ವಯಸ್ಸು. ಊರೊಳಗೆ ಎಷ್ಟು ಹಳೇ ಗಾಡಿಯಾದರೂ ಸೈ ಅನ್ನುವ ಕಂಪನಿಯೇ ಯೂರೋಪ್ ಭಾಗಕ್ಕೆ ಬಂದಾಗ ಇಂತಿಷ್ಟು ವರ್ಷ ದಾಟಿದ್ದರೆ ಇಲ್ಲ ಅನ್ನಬಹುದು. ನಿಮ್ಮದು 2012, ಕೇಳಿಯೇ ತಗೊಳ್ಳಿ.

ಮೂರನೆಯದು, ಫ್ರಾನ್ಸ್. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ನನಗೆ ಆಗಿದ್ದು. 2025ರ ಆಗಸ್ಟ್ 14, ಗುರುವಾರ ಸಂಜೆ. ಎ26 ಮೋಟರ್‌ವೇಯಲ್ಲಿ ಶಾಲೋನ್ ದಾಟಿ ತ್ರುವಾ ಕಡೆ ಹೋಗುತ್ತಿದ್ದೆವು, ಬ್ಯಾಟರಿ ದೀಪ ಹತ್ತಿತು, ಐದು ನಿಮಿಷಕ್ಕೆ ಸ್ಟೀರಿಂಗ್ ಕಲ್ಲಾಯಿತು. ಆಲ್ಟರ್ನೇಟರ್ ಬೆಲ್ಟ್ ಹರಿದಿತ್ತು. ನಾನು ಜಾಣನ ಹಾಗೆ ಇಲ್ಲಿನ ಕವರ್ ಕಂಪನಿಗೆ ಫೋನ್ ಮಾಡಿದೆ. ಅವರು "ಸಾರ್, ಅಲ್ಲಿ ಮೋಟರ್‌ವೇಯಿಂದ ನಿಮ್ಮನ್ನು ಎತ್ತುವ ಅಧಿಕಾರ ನಮಗಿಲ್ಲ, ರಸ್ತೆ ಪಕ್ಕದ ಆರೆಂಜ್ ಫೋನಿಗೆ ಹೋಗಿ" ಅಂದರು. ಹೌದು, ಫ್ರಾನ್ಸಿನ ಮೋಟರ್‌ವೇಗಳಲ್ಲಿ ಸರ್ಕಾರದ ಒಪ್ಪಿಗೆ ಇರುವ ಟೋ ಗಾಡಿಯೇ ಬರಬೇಕು, ಬೇರೆಯವರು ಒಳಗೆ ಬರುವ ಹಾಗಿಲ್ಲ. ಆ ಫೋನ್‌ಗಳು ಸುಮಾರು 2 ಕಿ.ಮೀ.ಗೆ ಒಂದರಂತೆ ಇರುತ್ತವೆ. ಇಲ್ಲದಿದ್ದರೆ 112. ರೇಟ್ ಸರ್ಕಾರವೇ ನಿಗದಿ ಮಾಡಿರುತ್ತದೆ, ಚೌಕಾಸಿ ಇಲ್ಲ. ಆದರೆ 1.8 ಟನ್ ಮೀರಿದ ಗಾಡಿಗೆ ಕಾರಿಗಿಂತ ಜಾಸ್ತಿ, ಸಂಜೆ 6ರಿಂದ ಬೆಳಿಗ್ಗೆ 8ರ ತನಕ, ಶನಿವಾರ, ಭಾನುವಾರ, ಹಬ್ಬದ ದಿನ ಅದರ ಮೇಲೆ ಇನ್ನೂ ಶೇ 50. ನಾವು ನಿಂತದ್ದು ಆರೂವರೆಗೆ! ದುಡ್ಡು ಕೈಯಿಂದ ಕೊಟ್ಟು ರಸೀದಿ ಇಟ್ಟುಕೊಂಡೆ, ಊರಿಗೆ ಬಂದ ಮೇಲೆ ಕಂಪನಿ ವಾಪಸ್ ಕೊಟ್ಟಿತು. ರಸೀದಿ ಇಲ್ಲದಿದ್ದರೆ ಕೊಡುತ್ತಿರಲಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮರುದಿನ ಆಗಸ್ಟ್ 15. ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಮೇರಿ ಮಾತೆಯ ಹಬ್ಬ, ಇಡೀ ದೇಶಕ್ಕೆ ರಜೆ. ಆಮೇಲೆ ಶನಿವಾರ, ಭಾನುವಾರ. ಗ್ಯಾರೇಜು ತೆರೆದದ್ದು ಸೋಮವಾರ. ವ್ಯಾನ್ ಬೀಗ ಹಾಕಿದ ಗ್ಯಾರೇಜಿನ ಅಂಗಳದಲ್ಲಿ, ನಮ್ಮ ಹಾಸಿಗೆ, ಅನ್ನದ ಪಾತ್ರೆ ಎಲ್ಲ ಅದರೊಳಗೆ. ಕಾರು ಕೆಟ್ಟರೆ ಗಾಡಿ ಮಾತ್ರ ಹೋಗುತ್ತದೆ, ಕ್ಯಾಂಪರ್ ಕೆಟ್ಟರೆ ಮನೆಯೂ ಹೋಗುತ್ತದೆ. ನಾಲ್ಕು ರಾತ್ರಿ ಹೋಟೆಲ್. ನನ್ನ ಪಾಲಿಸಿಯಲ್ಲಿ ಹೋಟೆಲ್ ಖರ್ಚಿಗೆ ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು, ಒಟ್ಟು ಇಷ್ಟು ಅಂತ ಎರಡು ಮಿತಿ ಇತ್ತು, ಎರಡನೆಯದು ಶನಿವಾರವೇ ಮುಗಿಯಿತು. ನೀವು ಈ ಎರಡು ಮಿತಿಗಳನ್ನು ಓದಿಕೊಂಡು ಆಮೇಲೆ ರೇಟ್ ಹೋಲಿಸಿ.

ತುಮಕೂರ್_ಟು_ಟೆಲ್ಫರ್ಡ್

ಡೀಸೆಲ್ ಅಣ್ಣ ಎಲ್ಲಾ ಹೇಳಿಬಿಟ್ಟರು. ಈ ಕಡೆಯ ಭಾಗಕ್ಕೆ ನನ್ನದೂ ಸ್ವಲ್ಪ.

ಕವರ್‌ನಲ್ಲಿ ಎರಡು ಜಾತಿ. ಒಂದು ಗಾಡಿಯ ಹೆಸರಿಗೆ, ಯಾರು ಓಡಿಸಿದರೂ ಆ ಗಾಡಿಗೆ ಮಾತ್ರ. ಇನ್ನೊಂದು ಮನುಷ್ಯನ ಹೆಸರಿಗೆ, ನೀವು ಯಾವ ಗಾಡಿಯಲ್ಲಿದ್ದರೂ ನಡೆಯುತ್ತದೆ. ಬ್ಯಾಂಕಿನದು ಸಾಮಾನ್ಯವಾಗಿ ಮನುಷ್ಯನ ಹೆಸರಿನದು, ಹಾಗಾಗಿ ವ್ಯಾನಿಗೂ ಆಗುತ್ತೆ ಅಂತ ಅನ್ನಿಸುತ್ತದೆ. ಆದರೆ ಅದರಲ್ಲೂ ಅಳತೆಯ ಮಿತಿ ಇರುತ್ತದೆ. ನನ್ನ ಬ್ಯಾಂಕಿನದರಲ್ಲಿ ಉದ್ದ 5.5 ಮೀಟರ್ ಅಂತ ಇತ್ತು. ನಿಮ್ಮ ಡುಕಾಟೊ ಅಲ್ಲೇ ಔಟ್.

ಬರೀ ರೋಡ್‌ಸೈಡ್ ಅಂತ ಇರುವ ಅಗ್ಗದ ಕವರ್‌ಗೆ ಮನೆಯಿಂದ ಕಾಲು ಮೈಲಿ ಒಳಗೆ ನಿಂತರೆ ಯಾರೂ ಬರುವುದಿಲ್ಲ. ಹೋಮ್ ಸ್ಟಾರ್ಟ್ ಬೇರೆ ಸೇರಿಸಬೇಕು. ಕ್ಯಾಂಪರ್ ಚಳಿಗಾಲ ಪೂರ್ತಿ ಮನೆ ಮುಂದೆ ನಿಂತಿರುತ್ತೆ, ಮಾರ್ಚ್‌ನಲ್ಲಿ ಬ್ಯಾಟರಿ ಸತ್ತಿರುತ್ತೆ, ಎಲ್ಲಿ? ಮನೆ ಮುಂದೇನೇ. ಹಾಗಾಗಿ ಅದನ್ನು ಬಿಡಬೇಡಿ. ಸ್ಕಾಟ್ಲೆಂಡಿಗೆ ಹೋಗುವವರು ರಿಕವರಿ, ಅಂದರೆ ಎಲ್ಲಿಂದ ಎಲ್ಲಿಗಾದರೂ ಎತ್ತಿಕೊಂಡು ಹೋಗುವ ಭಾಗ, ಅದನ್ನೂ ಬಿಡಬೇಡಿ.

ಇಲ್ಲಿನ ಬ್ರೇಕ್‌ಡೌನ್ ಕಂಪನಿಗಳಲ್ಲಿ ಎಎ ಮತ್ತು ಆರ್‌ಎಸಿಗೆ ತಮ್ಮದೇ ಮೆಕ್ಯಾನಿಕ್ ಗಾಡಿಗಳಿವೆ, ಗ್ರೀನ್ ಫ್ಲ್ಯಾಗ್ ಹೆಚ್ಚಾಗಿ ಊರೂರಿನ ಗ್ಯಾರೇಜುಗಳನ್ನು ಕರೆಸುತ್ತದೆ. ಯಾವುದು ಮೇಲು ಅಂತ ಜಗಳ ಮಾಡುವವರು ಇದ್ದಾರೆ, ನನಗೆ ಅದರಲ್ಲಿ ಆಸಕ್ತಿ ಇಲ್ಲ. ನನ್ನ ವ್ಯಾನ್ ಇನ್ವರ್ನೆಸ್ ಹತ್ತಿರ ನಿಂತಾಗ ಮೆಕ್ಯಾನಿಕ್ ಒಂದು ಗಂಟೆಯಲ್ಲಿ ಬಂದರು, ಆದರೆ ಅವರ ಗಾಡಿ ಇಷ್ಟು ದೊಡ್ಡದನ್ನು ಎಳೆಯುವುದಿಲ್ಲ, ದೊಡ್ಡ ಲಾರಿ ಬರಲು ಇನ್ನೂ ಆರು ಗಂಟೆ. ಫೋನ್ ಮಾಡಿದ ತಕ್ಷಣ "ಕ್ಯಾಂಪರ್‌ವ್ಯಾನ್, 6 ಮೀಟರ್, ಮೂರು ಟನ್ ಮೇಲೆ" ಅಂತ ಮೊದಲೇ ಹೇಳಿ. ನಾನು "ಫಿಯಟ್" ಅಂತಷ್ಟೇ ಹೇಳಿದ್ದೆ, ಅವರು ಪುಟ್ಟ ಕಾರು ಅಂದುಕೊಂಡಿದ್ದರು. 😄

ಮಲೆನಾಡ_ಮಳೆ

ಯಾರೂ ವೀಸಾ ಬಗ್ಗೆ ಹೇಳಲಿಲ್ಲವಲ್ಲ! ಇಂಗ್ಲಿಷರ ಫೋರಮ್ಮುಗಳಲ್ಲಿ ಇದು ಬರುವುದೇ ಇಲ್ಲ, ಅವರಿಗೆ ವೀಸಾ ಇಲ್ಲದೆಯೇ 180 ದಿನದಲ್ಲಿ 90 ದಿನ ಇದೆ. ನಮ್ಮಂಥ ಇಂಡಿಯನ್ ಪಾಸ್‌ಪೋರ್ಟಿನವರಿಗೆ ಷೆಂಗನ್ ವೀಸಾ (ಯೂರೋಪಿನ ಬಹುತೇಕ ದೇಶಗಳಿಗೆ ಒಂದೇ ವೀಸಾ) ಸ್ಟಿಕ್ಕರಿನಲ್ಲಿ ಎರಡು ಲೆಕ್ಕ ಇರುತ್ತದೆ, ಯಾವ ದಿನಾಂಕದ ತನಕ, ಮತ್ತು ಒಟ್ಟು ಎಷ್ಟು ದಿನ. ದಿನಾಂಕ ಇನ್ನೂ ದೂರ ಇದೆ ಅಂತ ನೆಮ್ಮದಿಯಾಗಿ ಇರಬೇಡಿ. ಒಳಗೆ ಇರಬಹುದಾದ ದಿನಗಳು ಮುಗಿದರೆ ಹೊರಡಲೇಬೇಕು.

ಈಗ ಯೋಚಿಸಿ. ಗೇರ್‌ಬಾಕ್ಸ್ ಹೋಯಿತು, ಬಿಡಿಭಾಗ ಬರಲು ಎರಡು ವಾರ ಅಂದರು. ನೀವು ಮನೆಗೆ ಬರಬೇಕು, ವ್ಯಾನ್ ಅಲ್ಲೇ. ಕೆಲವು ಪಾಲಿಸಿಗಳು ರಿಪೇರಿ ಆದ ಮೇಲೆ ಒಬ್ಬರು ಹೋಗಿ ತರಲು ಟಿಕೆಟ್ ಕೊಡುತ್ತವೆ, ಅಷ್ಟೇ. ಸವಾರರೇ, ಆ ಒಬ್ಬರು ಯಾರು? ನಿಮಗಿಬ್ಬರಿಗೂ ಮತ್ತೆ ವೀಸಾ ಬೇಕು, ಬೇಡದಿರುವುದು ಮಕ್ಕಳಿಗೆ, ಅವರು ಓಡಿಸುವ ಹಾಗಿಲ್ಲ. 😀 ಆದ್ದರಿಂದ ಗಾಡಿಯನ್ನೇ ಲಾರಿ ಮೇಲೆ ಹಾಕಿ ಮನೆಗೆ ತಂದು ಬಿಡುವ ಕವರ್ ಬೇಕು, ಅದಕ್ಕೆ ನಿಮ್ಮ ಕಡೆಯಿಂದ ಯಾರೂ ಹೋಗಬೇಕಿಲ್ಲ. ಆಗುತ್ತೆ ಅಂದರೆ ಎರಡು ಸಲ ಅಥವಾ ಹೆಚ್ಚು ಸಲ ಹೋಗಿಬರುವ ವೀಸಾನೇ ಕೇಳಿ. ಏನೂ ದಾರಿ ಇಲ್ಲದೆ ಅಲ್ಲೇ ಸಿಕ್ಕಿಹಾಕಿಕೊಂಡರೆ, ಅನಿವಾರ್ಯ ಕಾರಣಕ್ಕೆ ವೀಸಾ ದಿನ ಮುಂದುವರಿಸಿ ಅಂತ ಅಲ್ಲಿನ ಪ್ರಿಫೆಕ್ಚರ್ ಕಚೇರಿಯಲ್ಲಿ (ನಮ್ಮ ಜಿಲ್ಲಾಧಿಕಾರಿ ಕಚೇರಿಯಂಥದ್ದು) ಕೇಳಬಹುದು. ಆದರೆ ದಿನ ಮುಗಿಯುವ ಮೊದಲೇ ಹೋಗಬೇಕು, ಗ್ಯಾರೇಜಿನ ಪತ್ರ ಕೈಯಲ್ಲಿರಬೇಕು.

ಇನ್ನೊಂದು, ವೀಸಾಗೆ ಕೇಳುವ 30,000 ಯೂರೋ ಇನ್ಶೂರೆನ್ಸ್ ಇದೆಯಲ್ಲ, ಅದು ಮನುಷ್ಯರ ಆಸ್ಪತ್ರೆ ಖರ್ಚಿಗೆ. ನಮ್ಮೆಜಮಾನರು "ಇನ್ಶೂರೆನ್ಸ್ ಆಯ್ತಲ್ಲ, ಮತ್ತೆ ಯಾಕೆ" ಅಂತ ಒಂದು ವಾರ ವಾದ ಮಾಡಿದರು.

ಸ್ಟಟ್‌ಗಾರ್ಟ್_ಸಾರು

ಜರ್ಮನಿಯಲ್ಲಿ ನಮಗೆ ಎಡಿಎಸಿ ಅನ್ನುವ ವಾಹನ ಕ್ಲಬ್ ಇದೆ, ಕೆಟ್ಟ ಗಾಡಿ ನೋಡಲು ಬರುವ, ಹಳದಿ ಗಾಡಿಯವರು. ಪ್ಲಸ್ ಸದಸ್ಯತ್ವ ಇದ್ದರೆ ಯೂರೋಪಿನಲ್ಲೆಲ್ಲ ನಡೆಯುತ್ತದೆ. ನಿಮಗೆ ಇದು ಸುಮ್ನೆ ಹೊಟ್ಟೆ ಉರಿಸಲು ಹೇಳಿದ್ದು.

ಉಪಯೋಗದ ಮಾತು: ಹೊಳೆಯುವ ಹಳದಿ ಜಾಕೆಟ್ಟು ಕೈಗೆ ಸಿಗುವ ಹಾಗೆ ಸೀಟಿನ ಪಕ್ಕದಲ್ಲೇ ಇರಲಿ, ಹಿಂದೆ ಮಂಚದ ಕೆಳಗೆ ಅಲ್ಲ. ಫ್ರಾನ್ಸಿನಲ್ಲಿ ಇಳಿಯುವ ಮೊದಲೇ ಹಾಕಿಕೊಂಡು ಇಳಿಯಬೇಕು. ಇಳಿದು ತಡೆಗೋಡೆಯ ಆಚೆ ನಿಲ್ಲಿ.

ಸ್ವಿಂಡನ್_ಸವಾರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಳೆ ಅಕ್ಕ ಹೇಳಿದ್ದನ್ನು ಓದಿ ಹೆಂಡತಿ ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ಎರಡು ಪ್ರಶ್ನೆ. ಗಾಡಿಯಲ್ಲಿ ಸ್ಟೆಪ್ನಿ ಇಲ್ಲ, ಆ ಜಾಗದಲ್ಲಿ ಗ್ಯಾಸ್ ಟ್ಯಾಂಕ್ ಕೂರಿಸಿದ್ದಾರೆ. ಪಂಕ್ಚರ್ ಆದರೆ ಬರುತ್ತಾರಾ? ಫ್ರಿಜ್ಜು ಕೆಟ್ಟರೆ?

ಹಳೇ_ಡೀಸೆಲ್

ಫ್ರಿಜ್ಜು, ಹೀಟರ್, ಒಳಗಿನ ಬ್ಯಾಟರಿ, ಇದ್ಯಾವುದೂ ಕವರ್ ಒಳಗೆ ಬರುವುದಿಲ್ಲ. ಗಾಡಿ ಓಡುತ್ತಿದ್ದರೆ ಅವರ ಪಾಲಿಗೆ ಅದು ಬ್ರೇಕ್‌ಡೌನೇ ಅಲ್ಲ. ಸ್ಟೆಪ್ನಿ ವಿಷಯ ಕಂಪನಿಗೊಂದು ಥರ, "ಸರಿಯಾದ ಸ್ಟೆಪ್ನಿ ಇಲ್ಲದಿದ್ದರೆ ಟೋ ಖರ್ಚು ನಿಮ್ಮದು" ಅಂತ ಬರೆದವರೂ ಇದ್ದಾರೆ. ಕೇಳುವಾಗ "ತಯಾರಕರೇ ಸ್ಟೆಪ್ನಿ ಕೊಟ್ಟಿದ್ದರು, ಈಗ ತೆಗೆದಿದ್ದಾರೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಇನ್ನೊಂದು ಮರೆತಿದ್ದೆ. ರಿಪೇರಿ ಅಥವಾ ವಾಪಸ್ ತರುವ ಖರ್ಚು ಗಾಡಿಯ ಬೆಲೆಗಿಂತ ಜಾಸ್ತಿ ಆದರೆ ಅವರು ತರುವುದಿಲ್ಲ. ಆ ಬೆಲೆ ಯಾವುದು? ಖಾಲಿ ಡಬ್ಬದಂಥ 2012ರ ಡುಕಾಟೊ ಬೆಲೆಯೋ, ಮಂಚ ಒಲೆ ಸೇರಿದ ಕ್ಯಾಂಪರ್ ಬೆಲೆಯೋ? ಇದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವೂ ಇಮೇಲ್‌ನಲ್ಲೇ ಬರಲಿ. ನಿಮ್ಮ ವಿ5ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಇನ್ನೂ ಪ್ಯಾನಲ್ ವ್ಯಾನ್ ಅಂತಲೇ ಇರಬಹುದು, ಡಿವಿಎಲ್‌ಎ (ಗಾಡಿ ನೋಂದಣಿ ಮಾಡುವ ಸರ್ಕಾರಿ ಇಲಾಖೆ) ಹೊರಗಿನ ರೂಪ ನೋಡಿ ಹೆಸರು ಕೊಡುತ್ತದೆ. ಹಾಗಿದ್ದರೆ ಅದನ್ನೂ ತಿಳಿಸಿ. ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್‌ನ ರೆಡ್ ಪೆನೆಂಟ್ ಅನ್ನುವ ಕವರ್ ಒಮ್ಮೆ ನೋಡಿ, ಅವರು ಮೊದಲಿಂದಲೂ ಇಂಥ ಗಾಡಿಯವರ ಜೊತೆಯೇ ವ್ಯವಹಾರ ಮಾಡುವವರು. ಸದಸ್ಯರಾಗಬೇಕಾಗುತ್ತದೆ.

ಸ್ವಿಂಡನ್_ಸವಾರ

ಅಪ್‌ಡೇಟ್. ಅಳೆದೆ. ಹಿಂದಿನ ಸೈಕಲ್ ಸ್ಟ್ಯಾಂಡ್ ಸೇರಿ 6 ಮೀಟರ್ 48 ಸೆಂಟಿಮೀಟರ್. ಮೇಲಿನ ಫ್ಯಾನ್ ಸೇರಿ ಎತ್ತರ 2.70. ಬ್ಯಾಂಕಿನವರು ಫೋನಿನಲ್ಲೇ ಇಲ್ಲ ಅಂದರು. ಅಗ್ಗದ ಕಂಪನಿಯವರು ಉದ್ದ ಪರವಾಗಿಲ್ಲ ಅಂದರು, ಆದರೆ ವ್ಯಾನ್ ವಾಪಸ್ ತರುವುದು 10 ವರ್ಷದೊಳಗಿನ ಗಾಡಿಗೆ ಮಾತ್ರವಂತೆ. ಅಲ್ಲಿಗೆ ಆ ಎರಡೂವರೆ ಪಟ್ಟಿನ ಗುಟ್ಟು ಗೊತ್ತಾಯಿತು. ದುಬಾರಿಯವರಿಗೆ ಬೆಲೆಯ ಪ್ರಶ್ನೆ ಇಮೇಲ್ ಮಾಡಿದ್ದೇನೆ, ಕ್ಲಬ್‌ನವರ ರೇಟೂ ನಾಳೆ ಬರುತ್ತದೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.

ಆಲ್ಟರ್ನೇಟರ್ ಬೆಲ್ಟ್ ಮಾತ್ರ ನಿನ್ನೆಯೇ ಬದಲಾಯಿಸಿಬಿಟ್ಟೆ.