32 ಲಕ್ಷ ವರ್ಷ ಹಳೆಯ ಎಲುಬಿನ ವಯಸ್ಸು ಗೊತ್ತಾಗುವುದು ಹೇಗೆ?

ಕುತೂಹಲಿ:
ಇಥಿಯೋಪಿಯಾದ ಹಡಾರ್‌ನಲ್ಲಿ 1974ರಲ್ಲಿ ಸಿಕ್ಕ ಲೂಸಿ ಎಂಬ ಮಾನವಪೂರ್ವಜೆಯ ಅಸ್ಥಿಪಂಜರಕ್ಕೆ ಸುಮಾರು 32 ಲಕ್ಷ ವರ್ಷ ಅಂತ ಎಲ್ಲ ಕಡೆ ಓದುತ್ತೇವೆ. ಆದರೆ ಕಾರ್ಬನ್-14 ವಿಧಾನ 50 ಸಾವಿರ ವರ್ಷದಾಚೆಗೆ ನಡೆಯುವುದಿಲ್ಲ. ಹಾಗಾದರೆ ಈ ಲೆಕ್ಕ ಎಲ್ಲಿಂದ ಬಂತು? ಇನ್ನೊಂದು ಅನುಮಾನ: ಪದರ ನೋಡಿ ಎಲುಬಿಗೆ ವಯಸ್ಸು, ಎಲುಬು ನೋಡಿ ಪದರಕ್ಕೆ ವಯಸ್ಸು ಕೊಟ್ಟರೆ ಸುತ್ತಿ ಸುತ್ತಿ ಅಲ್ಲಿಗೇ ಬಂದಂತಾಗುವುದಿಲ್ಲವೇ?

ಶಿಲಾಪದರ:
ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧ ಪಾಲು ಕರಗಲು ಬೇಕಾದ ಕಾಲ, 5,730 ವರ್ಷ. 50 ಸಾವಿರ ವರ್ಷ ಕಳೆಯುವಷ್ಟರಲ್ಲಿ ಅದು ಸುಮಾರು 400ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆಮೇಲೆ ಹೊರಗಿನಿಂದ ಚೂರೇ ಚೂರು ಹೊಸ ಕಾರ್ಬನ್ ಸೇರಿದರೂ ಲೆಕ್ಕ ಕೆಡುತ್ತದೆ.

ಲೂಸಿಯ ಎಲುಬನ್ನು ಯಾರೂ ಅಳೆದಿಲ್ಲ. ಅಳೆದದ್ದು ಅಲ್ಲಿನ ಜ್ವಾಲಾಮುಖಿ ಬೂದಿಯ ಪದರಗಳನ್ನು. ಬೂದಿಯಲ್ಲಿ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಹರಳುಗಳಿರುತ್ತವೆ. ಪೊಟ್ಯಾಸಿಯಂ-40 ನಿಧಾನವಾಗಿ ಕರಗುತ್ತ ಅದರ ಒಂದು ಪಾಲು ಆರ್ಗಾನ್-40 ಎಂಬ ಅನಿಲವಾಗುತ್ತದೆ, ಪೊಟ್ಯಾಸಿಯಂ-40ರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷ. ಕುದಿಯುವ ಶಿಲಾಪಾಕದಲ್ಲಿ ಆರ್ಗಾನ್ ಹೊರಗೆ ಹೋಗಿಬಿಡುತ್ತದೆ. ಜ್ವಾಲಾಮುಖಿ ಸಿಡಿದು ಹರಳು ತಣಿದ ಮೇಲೆ ಹುಟ್ಟಿದ್ದು ಮಾತ್ರ ಒಳಗೆ ಉಳಿಯುತ್ತದೆ. ಅಂದರೆ ಗಡಿಯಾರ ಸೊನ್ನೆಯಿಂದ ಶುರುವಾಗುವುದು ಆ ದಿನ.

ಕೆಲಸ ನಡೆಯುವುದು ಹೀಗೆ: ಬೂದಿಯನ್ನು ಜರಡಿ ಹಿಡಿದು, ಸೂಕ್ಷ್ಮದರ್ಶಕದಡಿ ತಿಳಿಯಾದ ಹರಳುಗಳನ್ನಷ್ಟೇ ಆರಿಸುತ್ತಾರೆ. ಅಂಟಿದ ಗಾಜನ್ನು ತೆಳು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ತೊಳೆಯುತ್ತಾರೆ. ನಂತರ ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳಿಗೆ ಒಡ್ಡುತ್ತಾರೆ. ಆಗ ಪೊಟ್ಯಾಸಿಯಂ-39ರಲ್ಲಿ ಒಂದು ಪಾಲು ಆರ್ಗಾನ್-39 ಆಗುತ್ತದೆ, ಅದನ್ನು ಅಳೆದರೆ ಹರಳಿನಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತ ತಿಳಿಯುತ್ತದೆ. ಎಷ್ಟು ನ್ಯೂಟ್ರಾನ್ ತಾಗಿತು ಅಂತ ತಿಳಿಯಲು, ವಯಸ್ಸು ಮೊದಲೇ ಗೊತ್ತಿರುವ ಹರಳನ್ನು ಪಕ್ಕದಲ್ಲಿಟ್ಟಿರುತ್ತಾರೆ. ಕೊನೆಗೆ ಒಂದೊಂದೇ ಹರಳನ್ನು ಲೇಸರಿನಿಂದ ಕರಗಿಸಿ, ಹೊರಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರಿಗೆ, ಅಂದರೆ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ಯಂತ್ರಕ್ಕೆ, ಬಿಡುತ್ತಾರೆ. ಗಾಳಿಯಿಂದ ಸೇರಿದ ಆರ್ಗಾನನ್ನು ಆರ್ಗಾನ್-36ರ ಪ್ರಮಾಣ ನೋಡಿ ಕಳೆಯುತ್ತಾರೆ, ಗಾಳಿಯಲ್ಲಿ ಅದರ ಸುಮಾರು 300 ಪಟ್ಟು ಆರ್ಗಾನ್-40 ಇರುತ್ತದೆ.

ಲೂಸಿಗೆ ಹತ್ತಿರದ ಕಡಾ ಹಡಾರ್ ಬೂದಿಪದರ ಈ ವಿಧಾನದಲ್ಲಿ 31.8 ಲಕ್ಷ ವರ್ಷ ತೋರಿಸಿತು.

ಹಳೆಹರಳು:
ಮೇಲಿನ ವಿವರಣೆಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಬೂದಿಯನ್ನು ನದಿ ಹೊತ್ತು ತಂದಿದ್ದರೆ ದಾರಿಯಲ್ಲಿ ಹಳೆಯ ಬಂಡೆಯ ಹರಳುಗಳೂ ಸೇರಿಕೊಳ್ಳುತ್ತವೆ. ಕೀನ್ಯಾದ ಕೂಬಿ ಫೋರಾದ ಕೆಬಿಎಸ್ ಬೂದಿಪದರದಲ್ಲಿ ಆದದ್ದು ಅದೇ. ಮೊದಲ ಅಳತೆಯಲ್ಲಿ 20 ಕೋಟಿ ವರ್ಷ ದಾಟಿದ ಸಂಖ್ಯೆ ಬಂತು! ಹರಳು ಆರಿಸಿ ಮತ್ತೆ ಅಳೆದು 26 ಲಕ್ಷ ಎಂದರು. ಅದರ ಕೆಳಗೆ 1972ರಲ್ಲಿ ಸಿಕ್ಕ 1470 ಸಂಖ್ಯೆಯ ತಲೆಬುರುಡೆಗೆ ಹೀಗಾಗಿ 29 ಲಕ್ಷ ವರ್ಷ ಅಂತ ಹೇಳಲಾಯಿತು.

ಹೊಂದಾಣಿಕೆಯಾಗದೆ ಉಳಿದದ್ದು ಹಂದಿಗಳು. ಅದೇ ಪದರಗಳ ಹಂದಿ ಹಲ್ಲುಗಳು ಇಥಿಯೋಪಿಯಾದ ಓಮೊ ಕಣಿವೆಯ ಸುಮಾರು 20 ಲಕ್ಷ ವರ್ಷದ ಹಲ್ಲುಗಳನ್ನು ಹೋಲುತ್ತಿದ್ದವು. ಬೇರೆ ಪ್ರಯೋಗಾಲಯಗಳು ಮತ್ತೆ ಅಳೆದು, ಕೊನೆಗೆ ಪದರದ ವಯಸ್ಸು ಸುಮಾರು 18.8 ಲಕ್ಷದಲ್ಲಿ ನಿಂತಿತು. ತಲೆಬುರುಡೆ ಈಗ ಸುಮಾರು 20 ಲಕ್ಷ ವರ್ಷದ್ದು.

ಕುತೂಹಲಿಯವರ ಎರಡನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಆರ್ಗಾನ್ ಒಂದು ಹೇಳಿತು, ಹಂದಿ ಹಲ್ಲು ಇನ್ನೊಂದು ಹೇಳಿತು. ಎರಡೂ ಒಂದನ್ನೊಂದು ನೋಡಿಕೊಂಡು ಬರೆದ ಲೆಕ್ಕವಾಗಿದ್ದರೆ ಈ ಜಗಳವೇ ಹುಟ್ಟುತ್ತಿರಲಿಲ್ಲ.

ಕುತೂಹಲಿ:
ಇಬ್ಬರಿಗೂ ಧನ್ಯವಾದ. ಬೂದಿಯೇ ಇಲ್ಲದ ಕಡೆ? ದಕ್ಷಿಣ ಆಫ್ರಿಕಾದ ಗುಹೆಗಳಲ್ಲಿ ಜ್ವಾಲಾಮುಖಿ ಎಲ್ಲಿದೆ?

ಗುಹೆಸುಣ್ಣ:
ಅಲ್ಲಿ ನೀರು ಹರಿದು ಕಟ್ಟಿದ ಸುಣ್ಣದ ಪದರವೇ ಗಡಿಯಾರ. ಅದರಲ್ಲಿನ ಯುರೇನಿಯಂ ಸೀಸವಾಗುವ ಪ್ರಮಾಣ ಅಳೆಯುತ್ತಾರೆ, ಜೊತೆಗೆ ಭೂಕಾಂತದ ದಿಕ್ಕು ತಿರುಗುಮುರುಗಾದ ಗುರುತುಗಳನ್ನೂ ನೋಡುತ್ತಾರೆ. ಮಲಾಪಾ ಗುಹೆಯಲ್ಲಿ ಸಿಕ್ಕ ಆಸ್ಟ್ರಲೋಪಿಥೆಕಸ್ ಸೆಡಿಬಾ ಎಂಬ ಪ್ರಾಚೀನ ಮಾನವಸಂಬಂಧಿ ಜಾತಿಗೆ ಸುಮಾರು 19.8 ಲಕ್ಷ ವರ್ಷ ಎಂದು ತಿಳಿದದ್ದು ಹೀಗೆ.

ಎಲುಬಿನ ಆಕಾರ ನೋಡಿ ವಯಸ್ಸು ಊಹಿಸುವುದು ಮಾತ್ರ ಅಪಾಯ. ಅಲ್ಲಿನದೇ ರೈಸಿಂಗ್ ಸ್ಟಾರ್ ಗುಹೆಯ ಹೋಮೋ ನಲೇಡಿ ಎಂಬ ಇನ್ನೊಂದು ಮಾನವಸಂಬಂಧಿ ಜಾತಿಯ ಮಿದುಳು ನಮ್ಮದರ ಅರ್ಧಕ್ಕಿಂತಲೂ ಚಿಕ್ಕದು, ಅದಕ್ಕೇ ಬಹಳ ಹಳೆಯದು ಅಂದುಕೊಂಡವರಿದ್ದರು. 2017ರಲ್ಲಿ ಹಲ್ಲು ಮತ್ತು ಸುಣ್ಣದ ಪದರ ಎರಡನ್ನೂ ಅಳೆದಾಗ ಬಂದದ್ದು 2.36ರಿಂದ 3.35 ಲಕ್ಷ ವರ್ಷ. ಮೊರಾಕೋದ ಜೆಬೆಲ್ ಇರ್ಹೂದ್‌ನಲ್ಲಿ ನಮ್ಮದೇ ಜಾತಿಯ ಆರಂಭದ ಜನರಿದ್ದದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ.

ಶಿಲಾಪದರ:
ಇನ್ನು ಯಾವುದೇ ಹೊಸ ಪಳೆಯುಳಿಕೆಯ ಸುದ್ದಿ ಓದುವಾಗ ಮೊದಲು ನೋಡಬೇಕಾದ್ದು: ಎಲುಬು ಪದರದೊಳಗೇ ಹೂತಿತ್ತೋ, ಮೇಲ್ಮೈಯಲ್ಲಿ ಬಿದ್ದಿತ್ತೋ? ಲೂಸಿಯ ತುಣುಕುಗಳು ಸಿಕ್ಕದ್ದೂ ಮಳೆಗೆ ಕೊರೆದುಹೋದ ಇಳಿಜಾರಿನ ಮೇಲ್ಮೈಯಲ್ಲೇ. ಇಂಥ ಕಡೆ ಎಲುಬಿನ ಸಂದಿಯಲ್ಲಿ ಉಳಿದ ಮಣ್ಣನ್ನು ಮೇಲಿನ ಪದರಗಳ ಮಣ್ಣಿನೊಡನೆ ಹೋಲಿಸಬೇಕು. ಇಳಿಜಾರನ್ನು ಕೆಳಗಿನಿಂದ ಮೇಲಕ್ಕೆ ಜರಡಿ ಹಿಡಿಯುತ್ತ ಹೋಗಿ, ತುಣುಕು ಸಿಗುವುದು ಯಾವ ಎತ್ತರದಲ್ಲಿ ನಿಲ್ಲುತ್ತದೆ ಅಂತ ಗುರುತಿಸಬೇಕು. ಇದು ಸರಿಯಾಗಿ ಆಗದಿದ್ದರೆ ಬೂದಿಯನ್ನು ಎಷ್ಟೇ ನಿಖರವಾಗಿ ಅಳೆದರೂ ಅದು ಬೇರೆ ಯಾವುದೋ ಪದರದ ವಯಸ್ಸಾಗುತ್ತದೆ.